ಬಡ್ಜಿ ಇರುವ ಮನೆಗೆ ಇನ್ನೊಂದು ಗಿಳಿ

ಮನೆಯಲ್ಲಿ ಬಡ್ಜಿ ಇದೆ, ಇನ್ನೊಂದು ಜಾತಿಯ ಗಿಳಿ ತರೋಣ ಅಂತಿದ್ದೀರಾ? ನಮ್ಮ ಮಾವಿನ ತೋಪಿನ ಹಸಿರು ಗಿಳಿ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಪಂಜರದಲ್ಲಿಡುವುದು ಅಪರಾಧ.

ಲವ್‌ಬರ್ಡ್ ನೋಡೋಕೆ ಮುದ್ದು, ಆದರೆ ಜಗಳಗಂಟಿ. ಬಡ್ಜಿಯ ಕಾಲ್ಬೆರಳನ್ನೇ ಕಚ್ಚಿ ಗಾಯ ಮಾಡುತ್ತೆ. ಸನ್ ಕನ್ಯೂರ್ ಕೂಗಿದರೆ ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುತ್ತೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯೂ ಆಗಬೇಕು.

ನನ್ನ ಆಯ್ಕೆ ಕಾಕಟೀಲ್. ಸೌಮ್ಯ ಸ್ವಭಾವ. ಜುಟ್ಟು ನೆಟ್ಟಗೆ ನಿಂತರೆ ಬೆದರಿದೆ ಅಂತ. ತಲೆಗೆ ಅಂಟಿಸಿಕೊಂಡು ಬುಸುಗುಟ್ಟಿದರೆ ಕೋಪ, ಆಗ ಕೈ ಹಾಕಬೇಡಿ. ಪುಕ್ಕದಿಂದ ಬಿಳಿ ಪುಡಿ ಉದುರುತ್ತೆ, ಆಸ್ತಮಾ ಇರುವವರ ಮನೆಗೆ ಒಗ್ಗಲ್ಲ. 15 ವರ್ಷಕ್ಕೂ ಹೆಚ್ಚು ಬದುಕಬಲ್ಲ ಜೀವ ಅದು.

ತಂದ ತಕ್ಷಣ ಬಡ್ಜಿಯ ಪಂಜರಕ್ಕೆ ಬಿಡಬೇಡಿ. ಒಂದು ತಿಂಗಳಾದರೂ ಬೇರೆ ಕೋಣೆಯಲ್ಲಿಡಿ, ಹಕ್ಕಿ ನೋಡುವ ಪಶುವೈದ್ಯರಿಗೆ ತೋರಿಸಿ.