ಮಂಜುಗಡ್ಡೆಗೆ ಜಾರುಬಂಡೆ

ಮಕ್ಕಳೇ, ಫ್ರಿಜ್ಜಿನಿಂದ ತೆಗೆದ ತಟ್ಟೆಯಿಂದ ಮಂಜುಗಡ್ಡೆ ತಟ್ಟನೆ ಬೀಳುತ್ತದೆಯೇ? ಇಲ್ಲ. ತಟ್ಟೆಯನ್ನು ಬಗ್ಗಿಸಬೇಕು, ಇಲ್ಲವೇ ನೀರು ಹೊಯ್ಯಬೇಕು. ನೀರು ತಟ್ಟೆಯ ಸಣ್ಣ ಸಣ್ಣ ತಗ್ಗುಗಳಿಗೆ ಇಳಿದು ಹೆಪ್ಪುಗಟ್ಟಿ, ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ತಟ್ಟೆಯಲ್ಲಾದರೆ ಇದು ಸಣ್ಣ ತೊಂದರೆ. ವಿಮಾನದಲ್ಲಾದರೆ ಪ್ರಾಣಕ್ಕೇ ಅಪಾಯ. ವಿಮಾನದ ರೆಕ್ಕೆಗಳು ನುಣುಪಾಗಿದ್ದರೆ ಗಾಳಿ ಸರಾಗವಾಗಿ ಹರಿದು ವಿಮಾನವನ್ನು ಎತ್ತಿ ಹಿಡಿಯುತ್ತದೆ. ಹಿಮ ಕಟ್ಟಿ ರೆಕ್ಕೆ ಒರಟಾದರೆ ಆ ಬಲ ಕುಗ್ಗುತ್ತದೆ. 1982ರ ಜನವರಿ 13ರಂದು ಅಮೆರಿಕದ ವಾಷಿಂಗ್ಟನ್ನಿನಲ್ಲಿ ಹಿಮ ಸುರಿಯುತ್ತಿತ್ತು. ರೆಕ್ಕೆಗಳ ಮೇಲೆ ಹಿಮವಿದ್ದಂತೆಯೇ ವಿಮಾನವೊಂದು ಮೇಲೇರಿತು. ಅದರ ಇಂಜಿನ್ನಿನ ಕೊಳವೆಯಲ್ಲೂ ಮಂಜುಗಡ್ಡೆ ಕಟ್ಟಿತ್ತು. ವಿಮಾನವು ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. 78 ಮಂದಿ ಪ್ರಾಣ ಕಳೆದುಕೊಂಡರು.

ಚಳಿನಾಡುಗಳಲ್ಲಿ ವಿಮಾನ ಹೊರಡುವ ಮೊದಲು ಗ್ಲೈಕಾಲ್ ಬೆರೆಸಿದ ಬಿಸಿ ದ್ರವವನ್ನು ಸಿಂಪಡಿಸಿ ಹಿಮವನ್ನು ಕರಗಿಸುತ್ತಾರೆ. ಹಿಮ ಕಟ್ಟಿದಾಗಲೆಲ್ಲ ಹೀಗೆ ಮಾಡಬೇಕು. ಮಂಜುಗಡ್ಡೆ ಅಂಟದ ಮೇಲ್ಮೈಯನ್ನೇ ಮಾಡಬಹುದಲ್ಲವೇ? ಇದಕ್ಕಾಗಿ ವಿಜ್ಞಾನಿಗಳು ಗಿಡಗಳಿಂದ ಪಾಠ ಕಲಿತರು.

ಕೆಸುವಿನ ಎಲೆಗೆ ನೀರು ಚಿಮುಕಿಸಿ ನೋಡಿ. ಹನಿಗಳು ಮುತ್ತಿನಂತೆ ಉರುಳುತ್ತವೆ. ತಾವರೆ ಎಲೆಯಲ್ಲೂ ಹಾಗೆಯೇ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳೂ ಮೇಣವೂ ಇವೆ. ಹನಿ ಉಬ್ಬುಗಳ ತುದಿಯಲ್ಲಿ ಮಾತ್ರ ನಿಲ್ಲುತ್ತದೆ. ನಡುವೆ ಗಾಳಿ ಇರುತ್ತದೆ. ಇದನ್ನು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲಾಟ್ ವಿವರಿಸಿದರು. ಇಂಥ ಮೇಲ್ಮೈಯಿಂದ ಹನಿಗಳು ಹೆಪ್ಪುಗಟ್ಟುವ ಮೊದಲೇ ಉರುಳಿ ಹೋಗಬಲ್ಲವು. ಆದರೆ ಗಾಳಿಯ ನೀರಾವಿಯು ಉಬ್ಬುಗಳ ನಡುವೆಯೇ ಹಿಮವಾದರೆ? ಆಗ ಮಂಜುಗಡ್ಡೆಯ ಹಿಡಿತ ಇನ್ನೂ ಬಿಗಿಯಾಗುತ್ತದೆ!

ಇನ್ನೊಂದು ದಾರಿಯನ್ನು ತೋರಿಸಿದ್ದು ಹೂಜಿಗಿಡ. ನಮ್ಮ ಮೇಘಾಲಯದ ಬೆಟ್ಟಗಳಲ್ಲೂ ಇದು ಬೆಳೆಯುತ್ತದೆ. ಹೂಜಿಯ ಬಾಯಿಯ ಅಂಚಿನಲ್ಲಿ ನೀರಿನ ತೆಳು ಪದರ ನಿಂತಾಗ, ಅಲ್ಲಿಗೆ ಬಂದ ಇರುವೆ ಜಾರಿ ಒಳಗೆ ಬೀಳುತ್ತದೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಜೊವಾನಾ ಐಜೆನ್‌ಬರ್ಗ್ ಮತ್ತು ಜೊತೆಗಾರರು 2011ರಲ್ಲಿ ಇದೇ ಉಪಾಯವನ್ನು ಬಳಸಿದರು. ಸೂಕ್ಷ್ಮ ರಂಧ್ರಗಳಲ್ಲಿ ಜಾರುವ ದ್ರವವನ್ನು ತುಂಬಿಸಿದರು. ಅದು ಚಳಿಗೆ ತೆಂಗಿನೆಣ್ಣೆಯಂತೆ ಗಟ್ಟಿಯಾಗುವಂಥದ್ದಲ್ಲ. 2012ರಲ್ಲಿ ಅಲ್ಯೂಮಿನಿಯಂ ಮೇಲೆ ಪರೀಕ್ಷಿಸಿದಾಗ ಮಂಜುಗಡ್ಡೆ ಸುಲಭವಾಗಿ ಜಾರಿಹೋಯಿತು. ಹಿಡಿದುಕೊಳ್ಳಲು ಅದಕ್ಕೆ ತಗ್ಗೇ ಸಿಗಲಿಲ್ಲ!

ಆದರೆ ಬಳಸುತ್ತಾ ಹೋದಂತೆ ಈ ದ್ರವ ಕಡಿಮೆಯಾಗುತ್ತದೆ. ಬಹುಕಾಲ ಉಳಿಯುವಂತೆ ಮಾಡುವುದು ಹೇಗೆ? ಹುಡುಕಾಟ ಇನ್ನೂ ನಡೆಯುತ್ತಿದೆ.

ಯೋಚಿಸಿ ಹೇಳಿರಿ:
1. ವಿಮಾನದ ರೆಕ್ಕೆಗಳು ನುಣುಪಾಗಿರಬೇಕು. ಏಕೆ?
2. ತಾವರೆ ಎಲೆ ಮತ್ತು ಹೂಜಿಗಿಡದ ಉಪಾಯಗಳಲ್ಲಿರುವ ವ್ಯತ್ಯಾಸವೇನು?
3. ನಿಮ್ಮ ಊರಿನಲ್ಲಿ ನೀರು ಅಂಟದ ಎಲೆಗಳು ಯಾವುವು? ಹುಡುಕಿ ಪಟ್ಟಿ ಮಾಡಿರಿ.