ಕತ್ತಲೆಗೆ ಕಣ್ಣು ಬಂದ ಲೆಕ್ಕ

ಎರಡೂವರೆ ಗಂಟೆಯ ಒಂದು ಸಿನಿಮಾ ತೆಗೆದುಕೊಳ್ಳಿ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಒಟ್ಟು 2,16,000 ಚಿತ್ರಗಳು. ಕ್ಯಾಮೆರಾದ ಶಟರ್ ವಾಡಿಕೆಯಂತೆ ತೆರೆದಿರುವುದು ಅರ್ಧ ಸುತ್ತು, ಅಂದರೆ 180 ಡಿಗ್ರಿ. ಹಾಗಾಗಿ ಒಂದೊಂದು ಫ್ರೇಮಿಗೂ ಬೆಳಕು ಬೀಳುವುದು ಸೆಕೆಂಡಿನ 48ನೇ ಒಂದು ಭಾಗ ಮಾತ್ರ. ಮತ್ತೆ ಅಷ್ಟೇ ಹೊತ್ತು ಕತ್ತಲು. ನಾವು ರೆಪ್ಪೆ ಬಡಿಯದೆ ನೋಡಿದೆವೆಂದುಕೊಂಡ ಸಿನಿಮಾದ ಒಂದೂಕಾಲು ಗಂಟೆಯನ್ನು ಕ್ಯಾಮೆರಾ ನೋಡಿಯೇ ಇಲ್ಲ. ನಾಯಕ ಬೀಸಿದ ಮುಷ್ಟಿ ಅರ್ಧ ದಾರಿಯಲ್ಲಿ ಏನು ಮಾಡಿತೋ ಯಾರಿಗೂ ಗೊತ್ತಿಲ್ಲ. ಅದಕ್ಕೆಂದು ಟಿಕೆಟ್ಟಿನ ಅರ್ಧ ದುಡ್ಡು ವಾಪಸ್ ಕೇಳುವಂತಿಲ್ಲ, ಬಿಡಿ.

ಫಿಲ್ಮಿನ ಕಾಲದಲ್ಲಿ ಈ ಲೆಕ್ಕ ಅಡಿಗಳಲ್ಲಿ ಇರುತ್ತಿತ್ತು. 35 ಮಿ.ಮೀ. ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. ಸಾವಿರ ಅಡಿಯ ರೀಲು 11 ನಿಮಿಷಕ್ಕೆ ಖಾಲಿ. ಐಮ್ಯಾಕ್ಸ್ ಕ್ಯಾಮೆರಾಕ್ಕೆ ಅದೇ ಸಾವಿರ ಅಡಿ ಮೂರು ನಿಮಿಷದ ತುತ್ತು. 2023ರ 'ಆಪನ್‌ಹೈಮರ್' ಚಿತ್ರದ ಐಮ್ಯಾಕ್ಸ್ ಪ್ರಿಂಟಿನ ಉದ್ದ 11 ಮೈಲಿ, ತೂಕ ಸುಮಾರು 270 ಕಿಲೋ. ಶ್ರೀರಂಗಪಟ್ಟಣದಿಂದ ಮೈಸೂರಿನವರೆಗೆ ಹಾಸಿದರೂ ಒಂದಿಷ್ಟು ಮಿಕ್ಕೀತು. ಡಿಜಿಟಲ್ ಬಂದಮೇಲೆ ಅಡಿ ಎಣಿಸುವ ಭಯ ಹೋಯಿತು. 2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಚಿತ್ರಕ್ಕೆ ಸುಮಾರು 480 ಗಂಟೆಯಷ್ಟು ಚಿತ್ರೀಕರಣವಾಯಿತು. ಊಟ, ನಿದ್ದೆ ಬಿಟ್ಟು ಕೂತರೂ ನೋಡಿ ಮುಗಿಸಲು 20 ದಿನ ಬೇಕು. ಅದನ್ನು ಎರಡು ಗಂಟೆಗೆ ಇಳಿಸಿದ ಸಂಕಲನಕಾರ್ತಿ ಮಾರ್ಗರೆಟ್ ಸಿಕ್ಸೆಲ್ ಅವರಿಗೆ ಆಸ್ಕರ್ ಬಂದದ್ದು ನನ್ನ ಪ್ರಕಾರ ತಾಳ್ಮೆಗೂ ಸೇರಿ.

ಆದರೆ ಉದ್ದ, ತೂಕಗಳಿಗಿಂತ ನನ್ನನ್ನು ಬೆಚ್ಚಿಬೀಳಿಸುವುದು ಬೆಳಕಿನ ಲೆಕ್ಕ. ಕ್ಯಾಮೆರಾದವರು ಅದನ್ನು 'ಸ್ಟಾಪ್' ಎಂಬ ಮೆಟ್ಟಿಲಲ್ಲಿ ಎಣಿಸುತ್ತಾರೆ. ಒಂದು ಸ್ಟಾಪ್ ಏರಿದರೆ ಬೆಳಕು ಎರಡು ಪಟ್ಟು, ಆರು ಏರಿದರೆ 64 ಪಟ್ಟು. 1975ರ 'ಬ್ಯಾರಿ ಲಿಂಡನ್'ಗಾಗಿ ಸ್ಟ್ಯಾನ್ಲಿ ಕುಬ್ರಿಕ್ ಮತ್ತು ಛಾಯಾಗ್ರಾಹಕ ಜಾನ್ ಆಲ್ಕಾಟ್ ಬರೀ ಮೇಣದಬತ್ತಿಯ ಬೆಳಕಲ್ಲಿ ಶೂಟ್ ಮಾಡಲು ಹೊರಟರು. ಫಿಲ್ಮಿನ ವೇಗ, ಅಂದರೆ ಅದು ಬೆಳಕಿಗೆ ಸ್ಪಂದಿಸುವ ಶಕ್ತಿ, 100. ಲ್ಯಾಬಿನಲ್ಲಿ ಎಳೆದಾಡಿ 200 ಮಾಡಿಕೊಂಡರು. ಲೆನ್ಸು ಮಾತ್ರ ಮಾರುಕಟ್ಟೆಯಲ್ಲಿ ಇರಲಿಲ್ಲ. ಝೈಸ್ ಕಂಪನಿ ನಾಸಾದ ಚಂದ್ರಯಾನಕ್ಕೆಂದು ಎಫ್ 0.7ರಷ್ಟು ಅಗಲಕ್ಕೆ ತೆರೆಯುವ ಹತ್ತೇ ಹತ್ತು ಲೆನ್ಸು ಮಾಡಿತ್ತು; ಅದರಲ್ಲಿ ಮೂರನ್ನು ಕುಬ್ರಿಕ್ ಕೊಂಡರು. ಅಷ್ಟು ಅಗಲಕ್ಕೆ ತೆರೆದ ಲೆನ್ಸಿನಲ್ಲಿ ಫೋಕಸ್ ನಿಲ್ಲುವುದು ಕೆಲವು ಅಂಗುಲ. ನಟಿ ಉಸಿರೆಳೆದು ಸ್ವಲ್ಪ ಮುಂದೆ ಬಾಗಿದರೂ ಮುಖ ಮಸುಕು. ಅದಕ್ಕೇ ಪಕ್ಕದಲ್ಲಿ ಒಂದು ಟಿವಿ ಕ್ಯಾಮೆರಾ ಇಟ್ಟು, ಅದರ ಪರದೆಯಲ್ಲಿ ನಟರ ದೂರ ಅಳೆಯುತ್ತ ಫೋಕಸ್ ತಿರುಗಿಸುತ್ತಿದ್ದರು.

ಈಗಿನ ಲೆಕ್ಕ ನೋಡಿ. 2023ರ 'ದಿ ಕ್ರಿಯೇಟರ್' ಚಿತ್ರವನ್ನು ತೆಗೆದದ್ದು ಸೋನಿ ಎಫ್‌ಎಕ್ಸ್3 ಎಂಬ, ಅಂಗೈಗೆ ಒಗ್ಗುವ ಕ್ಯಾಮೆರಾದಲ್ಲಿ. ಅದರ ವೇಗವನ್ನು (ಈಗಿನ ಮಾತಲ್ಲಿ ಐಎಸ್‌ಒ) 12,800ಕ್ಕೆ ಏರಿಸಬಹುದು. 200ಕ್ಕೂ ಇದಕ್ಕೂ ಸರಿಯಾಗಿ 64 ಪಟ್ಟು, ಆರು ಸ್ಟಾಪ್. ಹಾಗಾಗಿ ಲೆನ್ಸಿನ ಬಾಯನ್ನು ಎಫ್ 0.7ರಿಂದ ಆರು ಮೆಟ್ಟಿಲು ಕಿರಿದಾಗಿಸಬಹುದು, ಅಂದರೆ ಎಫ್ 5.6. ಚಂದ್ರನಿಗೆಂದು ಮಾಡಿದ ಗಾಜಿಲ್ಲದೆ ಆಗದಿದ್ದ ಕೆಲಸ ಈಗ ಮದುವೆ ಮನೆಯ ವಿಡಿಯೊದವರ ಬ್ಯಾಗಿನಲ್ಲಿರುವ ಲೆನ್ಸಿನಲ್ಲಿ ಆಗುತ್ತದೆ, ಅದೂ ಫೋಕಸ್ಸಿನ ಗೋಳಿಲ್ಲದೆ.

ನಮ್ಮವರೇ ಆದ ವಿ.ಕೆ. ಮೂರ್ತಿ ಬೆಳಕಿನ ಬಡತನವನ್ನು ಬೇರೆಯೇ ರೀತಿಯಲ್ಲಿ ನೀಗಿಸಿಕೊಂಡರು. ಮೈಸೂರಿನಲ್ಲಿ ಹುಟ್ಟಿ, 1940ರ ದಶಕದಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿ ಮುಂಬಯಿಗೆ ಹೋದವರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಕಾಗಜ್ ಕೆ ಫೂಲ್'ನಲ್ಲಿ (1959) ಸ್ಟುಡಿಯೊದ ಕತ್ತಲನ್ನು ಸೀಳಿ ಇಳಿಯುವ ಬೆಳಕಿನ ಕೋಲು ಇದೆಯಲ್ಲ, ಅದು ದೀಪದ್ದಲ್ಲ. ಎರಡು ದೊಡ್ಡ ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನೇ ಒಳಕ್ಕೆ ತಂದದ್ದು. ಸೂರ್ಯ ಗಂಟೆಗೆ 15 ಡಿಗ್ರಿ ಜರುಗುತ್ತಾನೆ. ಕನ್ನಡಿಯಿಂದ 20 ಮೀಟರ್ ದೂರಕ್ಕೆ ಬಿದ್ದ ಬೆಳಕಾದರೆ ನಿಮಿಷಕ್ಕೆ ಎಂಟೊಂಬತ್ತು ಸೆಂಟಿಮೀಟರ್ ಸರಿದುಬಿಡುತ್ತದೆ. ನಟರು ಸಜ್ಜಾಗುವಷ್ಟರಲ್ಲಿ ಬೆಳಕು ಅವರನ್ನು ದಾಟಿರುತ್ತದೆ. ಟೇಕಿಗೊಮ್ಮೆ ಕನ್ನಡಿ ತಿರುಗಿಸಬೇಕು.

ಸೂರ್ಯನ ಈ ಕಾಟವೇ ಬೇಡವೆಂಬಂತೆ 'ದಿ ಮ್ಯಾಂಡಲೋರಿಯನ್' ಸರಣಿಯವರು 2019ರ ಹೊತ್ತಿಗೆ ಆಕಾಶವನ್ನೇ ಒಳಗೆ ಕಟ್ಟಿಕೊಂಡರು. 75 ಅಡಿ ವ್ಯಾಸದ ಅಂಗಳ, ಸುತ್ತ 20 ಅಡಿ ಎತ್ತರದ ಗೋಡೆ, ಗೋಡೆ ತುಂಬ ಎಲ್‌ಇಡಿ ಪರದೆ. ಅದರಲ್ಲಿ ಬೇಕಾದ ಗ್ರಹ, ಬೇಕಾದ ಹೊತ್ತು. ನಿಜವಾದ ಸೂರ್ಯ ನಮ್ಮ ಕಡಲಂಚಿಗೆ ತಾಗಿ ಪೂರ್ತಿ ಮುಳುಗಲು ಹಿಡಿಯುವುದು ಎರಡು ನಿಮಿಷ ಚಿಲ್ಲರೆ. ಟೇಕ್ ಕೆಟ್ಟರೆ ನಾಳೆಯ ಸಂಜೆಯೇ ಗತಿ. ಈ ಗೋಡೆಯ ಮೇಲಾದರೆ ಬೆಳಿಗ್ಗೆ ಎಂಟಕ್ಕೆ ಶುರುವಾದ ಸೂರ್ಯಾಸ್ತ ಊಟದ ಬ್ರೇಕಿಗೆ ನಿಲ್ಲುತ್ತದೆ, ಕೈ ತೊಳೆದು ಬಂದಮೇಲೆ ಮುಂದುವರಿಯುತ್ತದೆ.