ಪಾರ್ತಿಸುಬ್ಬನ ಕಿವಿಗೆ ಬಿದ್ದ ಹಾಡುಗಳು

ಕುಂಬಳೆ: ಯಕ್ಷಗಾನದ ಪಿತಾಮಹನೆಂದು ನಾವು ಕರೆಯುವ ಪಾರ್ತಿಸುಬ್ಬನಿಗೆ ಹಾಡು ಎಲ್ಲಿಂದ ಬಂತು? ತಾಯಿ ಪಾರ್ವತಿ ಇಲ್ಲಿನ ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಸೇವೆಯಲ್ಲಿದ್ದಳು, ಮಗ ಅದೇ ನಡೆಯಲ್ಲಿ ಬೆಳೆದ ಎಂಬುದು ಐತಿಹ್ಯ. ತಾಯಿಯ ಹೆಸರೇ ಅವನ ಹೆಸರಿನ ಮುಂದಿದೆ. ಪದ್ಯಗಳ ಅಂಕಿತ ಕಣ್ವಪುರದ ಕೃಷ್ಣನದು.

ಇನ್ನೊಂದು ಸೆಲೆ ಮಲಯಾಳದ್ದು. ಕಥಕಳಿಗೆ ದಾರಿಮಾಡಿದ ರಾಮನಾಟ್ಟಂಗಾಗಿ ಕೊಟ್ಟಾರಕ್ಕರ ತಂಬುರಾನ್ ರಾಮಾಯಣವನ್ನು 8 ಕಥೆಗಳಾಗಿ ಬರೆದರು. ಪುತ್ರಕಾಮೇಷ್ಟಿಯಿಂದ ಹೊರಡುವ ಸುಬ್ಬನ ಪ್ರಸಂಗಗಳ ಹಂಚಿಕೆಯೂ ಹೆಚ್ಚುಕಡಿಮೆ ಹಾಗೆಯೇ. ವಿದ್ವಾಂಸರು ಈ ಹೋಲಿಕೆಯನ್ನು ಗುರುತಿಸಿದ್ದಾರೆ. ಶಿವರಾಮ ಕಾರಂತರಂತೂ ಅವನ ಕರ್ತೃತ್ವವನ್ನೇ ಪ್ರಶ್ನಿಸಿದ್ದರು. ಕುಂಬಳೆಯವರು ಅದನ್ನು ಒಪ್ಪಿಲ್ಲ, ನಾನೂ ಒಪ್ಪಿಲ್ಲ!

ಮುಂದಿನ ಸಲ 'ಪಂಚವಟಿ' ಆಟಕ್ಕೆ ಹೋಗುವಾಗ ಕಥಕಳಿ ಬಲ್ಲ ಮಲಯಾಳಿ ನೆರೆಯವರನ್ನೂ ಕರೆದುಕೊಂಡು ಹೋಗಿ. ಅವರ 'ಖರವಧಂ' ಇದೇ ಕಥೆ.